ಬೆರಕೆ ಮಾತಿಗೆ ನಾಚಿಕೆ ಏಕೆ?

ನಮ್ಮ ಕಾರ್ಮಿಕ ಕುಟುಂಬಗಳ ಮಾತನ್ನು ಕೇಳಿ ನಗುವವರು ಎರಡು ಕಡೆಗೂ ಇದ್ದಾರೆ. ಧಾರವಾಡ, ಬೆಂಗಳೂರು ಕಡೆಯ ಬೀಗರು ಬಂದರೆ, "ನಿಮ್ಮದು ಕನ್ನಡವೋ ಮರಾಠಿಯೋ?" ಎಂದು ಕೇಳುತ್ತಾರೆ. ಪುಣೆ ಕಡೆಯಿಂದ ಬಂದ ಸಾಹೇಬರು ನಮ್ಮ ಮರಾಠಿ ಕೇಳಿ ಮುಗುಳ್ನಗುತ್ತಾರೆ. ಇಬ್ಬರ ನಡುವೆ ಸಿಕ್ಕ ನಮ್ಮ ಜನ ತಮ್ಮ ಮಾತೇ ಕೀಳು, ಅದು ಅರೆಬರೆಯದು ಎಂದು ನಂಬತೊಡಗಿದ್ದಾರೆ. ಈ ನಂಬಿಕೆ ತಪ್ಪು ಎಂಬುದು ನಮ್ಮ ಅಭಿಪ್ರಾಯ. ಮಾತು ಬೆರೆತದ್ದರಿಂದ ನಮಗೆ ಕೇಡಾಗಿಲ್ಲ. ಆ ಮಾತಿಗೆ ನಾಚಿದ್ದರಿಂದ ಕೇಡಾಗುತ್ತಿದೆ.

ಚಿಂಚೋಳಿ ಎಂಐಡಿಸಿಯಲ್ಲಿ ಪಾಳಿ ಬಿಡುವ ಹೊತ್ತಿಗೆ ಯಾವುದಾದರೂ ಗೇಟಿನ ಎದುರು ನಿಂತು ಕೇಳಿರಿ. ಅಕ್ಕಲಕೋಟ, ದಕ್ಷಿಣ ಸೋಲಾಪುರದ ಕಡೆಯವರ ಕನ್ನಡ, ಮೋಹೋಳ ಕಡೆಯವರ ಮರಾಠಿ, ಪದ್ಮಶಾಲಿ ಮನೆಗಳ ತೆಲುಗು, ಸೋಲಾಪುರದ ಮುಸಲ್ಮಾನ ಬಂಧುಗಳ ದಖ್ಖನಿ, ಉತ್ತರದಿಂದ ಬಂದ ಹುಡುಗರ ಹಿಂದಿ, ಎಲ್ಲವೂ ಒಂದೇ ಚಹದ ಗಾಡಿಯ ಸುತ್ತ ಕೇಳಿಸುತ್ತವೆ. "ಅಕ್ಕಾ, ಆಜ್ ಓವರ್‌ಟೈಮ್ ಅದ, ಮನಿಗಿ ಹೋಗ್ಲಿಕ್ಕ ಉಶೀರ ಆಗ್ತದ" ಎಂದು ಒಬ್ಬಳು ಹೇಳಿದರೆ, ಕೇಳಿದವಳಿಗೆ ಒಂದು ಅಕ್ಷರವೂ ತಪ್ಪುವುದಿಲ್ಲ.

ಈ ಒಂದು ಮಾತನ್ನೇ ಬಿಡಿಸಿ ನೋಡೋಣ. 'ಆಜ್', 'ಉಶೀರ' ಮರಾಠಿಯವು. 'ಓವರ್‌ಟೈಮ್' ಇಂಗ್ಲಿಷಿನದು. ಆದರೆ 'ಅದ', 'ಮನಿಗಿ', 'ಹೋಗ್ಲಿಕ್ಕ', 'ಆಗ್ತದ' ಎಲ್ಲವೂ ಕನ್ನಡ. ಮನೆಯ ಕಂಬ, ತೊಲೆ ನಮ್ಮವು. ಒಳಗೆ ಬಂದು ಕೂತವರು ನೆಂಟರು. ಹೊರಗಿನ ಶಬ್ದ ಬಂದರೂ ಅದಕ್ಕೆ ನಾವು ನಮ್ಮದೇ ಬಾಲ ಕಟ್ಟುತ್ತೇವೆ: ಗೇಟಿಗಿ, ಕಂಪನಿಯಾಗ, ದುಕಾನಕ್ಕ. ಶಾಲೆಯ ಮೆಟ್ಟಿಲು ಹತ್ತದ ತಾಯಿಯೂ ಈ ಬಾಲವನ್ನು ತಪ್ಪಾಗಿ ಕಟ್ಟುವುದಿಲ್ಲ. ಎರಡು ಭಾಷೆಯ ನಿಯಮ ಗೊತ್ತಿದ್ದವರು ಮಾತ್ರ ಹೀಗೆ ಬೆರೆಸಬಲ್ಲರು. ಇದನ್ನು ಅಜ್ಞಾನ ಎನ್ನುವುದು ಹೇಗೆ?

ಶುದ್ಧ ಮಾತು ಎಂದು ಹೆಮ್ಮೆ ಪಡುವವರೂ ತಮ್ಮ ಬಾಯಿಯನ್ನು ಸ್ವಲ್ಪ ಪರೀಕ್ಷಿಸಿಕೊಳ್ಳಬೇಕು. ತಿಂಗಳ ಕೊನೆಗೆ ನಾವು ಎದುರು ನೋಡುವ 'ಪಗಾರ' ಪೋರ್ಚುಗೀಜರಿಂದ ಬಂದ ಶಬ್ದ. ಬೀಗಕ್ಕೆ ಹಾಕುವ 'ಚಾವಿ'ಯೂ ಅವರದೇ. 'ಹಾಜರಿ', 'ರಜೆ' ಅರಬ್ಬಿಯಿಂದ, 'ಕಾರಖಾನೆ' ಪಾರಸಿಯಿಂದ ಬಂದವು. ಇವನ್ನೆಲ್ಲ ತೆಗೆದರೆ ಕಾರ್ಮಿಕನ ಒಂದು ದಿನವನ್ನೂ ವರ್ಣಿಸಲಾಗದು. ಮರಾಠಿಯ ಕಥೆಯೂ ಹೀಗೆಯೇ. ಅವರು ಊಟಕ್ಕೆ ಬಡಿಸುವ 'ತೂಪ' ನಮ್ಮ ತುಪ್ಪ, ಅಡಿಕೆ ಕತ್ತರಿಸುವ 'ಅಡಕಿತ್ತಾ' ನಮ್ಮ ಅಡಕತ್ತರಿ. ಅವರ ಹಳ್ಳಿಗಳಲ್ಲಿ ಕೇಳುವ 'ಅಣ್ಣಾ', 'ಅಕ್ಕಾ' ನಮ್ಮ ಅಂಗಳದಿಂದ ಹೋದವು. ನಮ್ಮ ಜಿಲ್ಲೆಯ ಪಂಢರಪುರದ ವಿಠ್ಠಲನನ್ನೇ ಸಂತ ಜ್ಞಾನೇಶ್ವರರು ತಮ್ಮ ಅಭಂಗದಲ್ಲಿ 'ಕಾನಡಾ' ಎಂದು ಕರೆದಿದ್ದಾರೆ. ಸೋಲಾಪುರದ ಸಿದ್ಧರಾಮೇಶ್ವರರು ಹನ್ನೆರಡನೆಯ ಶತಮಾನದಲ್ಲಿ, ಊರಿಗೆ ಸೊನ್ನಲಿಗೆ ಎಂಬ ಹೆಸರಿದ್ದಾಗ, ವಚನ ಹೇಳಿದ್ದು ಕನ್ನಡದಲ್ಲಿ. ಇಂದು ಸಂಕ್ರಾಂತಿಯ ಗಡ್ಡಾ ಜಾತ್ರೆಯಲ್ಲಿ ನಂದಿಧ್ವಜದ ಹಿಂದೆ ನಡೆಯುವವರು ಮರಾಠಿ, ಕನ್ನಡ, ತೆಲುಗು ಮೂರರಲ್ಲೂ ಮಾತಾಡುತ್ತಾರೆ. ಗಿರಣಿಗಳು ಎದ್ದ ಮೇಲೆ ಈ ಬೆರಕೆ ಇನ್ನೂ ಹೆಚ್ಚಿತು. ಗಿರಣಿಗಳು ಮುಚ್ಚಿ ಜನ ಎಂಐಡಿಸಿಗಳ ಕಡೆ ತಿರುಗಿದ ಮೇಲೂ ಮುಂದುವರಿಯಿತು.

ನಮ್ಮಂಥ ಊರಿನ ಮಾತನ್ನು ಪಂಡಿತರು ಅಭ್ಯಾಸ ಮಾಡಿದ್ದಾರೆ ಎಂಬುದು ಅನೇಕರಿಗೆ ತಿಳಿಯದು. ಪಕ್ಕದ ಸಾಂಗ್ಲಿ ಜಿಲ್ಲೆಯ ಕುಪವಾಡ, ಇಂದು ಅಲ್ಲಿಯೂ ಎಂಐಡಿಸಿ ಇದೆ, ಆಗ ಒಂದು ಹಳ್ಳಿ. ಅಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ನಾಲ್ಕೂ ಇದ್ದವು. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಎಂಬಿಬ್ಬರು ಅಲ್ಲಿಯ ಮಾತನ್ನು ಪರೀಕ್ಷಿಸಿ 1971ರಲ್ಲಿ ಪ್ರಕಟಿಸಿದ ಲೇಖನ ಜಗತ್ತಿನ ಭಾಷಾಶಾಸ್ತ್ರಜ್ಞರಿಗೆಲ್ಲ ಪರಿಚಿತ. ದಿನವೂ ಕೂಡಿ ದುಡಿದು, ಕೂಡಿ ವ್ಯವಹಾರ ಮಾಡಿದ್ದರಿಂದ ಆ ಊರಿನ ಭಾಷೆಗಳ ವಾಕ್ಯದ ಕಟ್ಟಡ ಒಂದಕ್ಕೊಂದು ತೀರಾ ಹತ್ತಿರವಾಗಿತ್ತು. ಒಂದು ಭಾಷೆಯ ಮಾತಿನಲ್ಲಿ ಶಬ್ದಕ್ಕೆ ಶಬ್ದ ಬದಲಿಸಿದರೆ ಇನ್ನೊಂದು ಭಾಷೆಯ ಮಾತಾಗುವಷ್ಟು! ಆದರೂ ನಾಲ್ಕು ಭಾಷೆಗಳೂ ಬದುಕಿದ್ದವು. ಏಕೆಂದರೆ ಹೊರಗೆ ಎಷ್ಟೇ ಬೆರೆತರೂ, ಪ್ರತಿಯೊಬ್ಬರೂ ಮನೆಯೊಳಗೆ ತಮ್ಮ ಮನೆಮಾತನ್ನೇ ಆಡುತ್ತಿದ್ದರು.

ವಾಚಕರು ಈ ಕೊನೆಯ ಸಂಗತಿಯನ್ನು ಮನಸ್ಸಿನಲ್ಲಿಡಬೇಕು. ಬೆರೆಯುವುದರಿಂದ ಭಾಷೆ ಸಾಯುವುದಿಲ್ಲ. ತಾಯಿ ಮಗುವಿನೊಡನೆ ಆಡುವುದನ್ನು ಬಿಟ್ಟಾಗ ಸಾಯುತ್ತದೆ. ತಾಯಿ ಬಿಡುವುದು ಸಾಮಾನ್ಯವಾಗಿ ನಾಚಿಕೆಯಿಂದ. "ನಮ್ಮ ಕನ್ನಡ ಚೆನ್ನಾಗಿಲ್ಲ, ಅದನ್ನು ಮಗುವಿಗೆ ಏಕೆ ಅಂಟಿಸಬೇಕು?" ಎಂದು ಯೋಚಿಸಿ, ತನಗೆ ಅರ್ಧವೇ ಬರುವ ಮರಾಠಿಯಲ್ಲಿ, ಇನ್ನೂ ಕಡಿಮೆ ಬರುವ ಇಂಗ್ಲಿಷಿನಲ್ಲಿ ಮಗುವನ್ನು ಮಾತಾಡಿಸುವ ತಾಯಂದಿರು ನಮ್ಮಲ್ಲಿದ್ದಾರೆ. ಅಂಥ ಮನೆಯಲ್ಲಿ ಊರಿನಿಂದ ಅಜ್ಜಿ ಬಂದರೆ ಮೊಮ್ಮಗ ಅವಳ ಮಾತಿಗೆ ತಲೆಯಾಡಿಸುತ್ತಾನೆ, ಉತ್ತರ ಕೊಡಲಾರ. ಅಜ್ಜಿ ಹೇಳುವ ಕಥೆ, ಒಗಟು, ಬೈಗುಳ, ಹರಕೆ ಎಲ್ಲವೂ ಹೊಸ್ತಿಲಲ್ಲೇ ನಿಂತುಬಿಡುತ್ತವೆ.

ಮರಾಠಿ ಕಲಿಯಬೇಡಿ ಎಂದು ನಾವು ಹೇಳುತ್ತಿಲ್ಲ. ನಾವಿರುವ ರಾಜ್ಯದ ಭಾಷೆ ಅದು. ಚೆನ್ನಾಗಿ ಕಲಿಯಬೇಕು, ಓದಬೇಕು, ಬರೆಯಬೇಕು. 2020ರ ಕಾಯದೆಯಂತೆ ಮಹಾರಾಷ್ಟ್ರದ ಎಲ್ಲ ಶಾಲೆಗಳಲ್ಲೂ ಅದು ಕಡ್ಡಾಯವಾಗಿದೆ. ಕನ್ನಡ ಶಾಲೆಗೆ ಹೋದ ಮಗುವಿಗೂ ಮರಾಠಿ ತಪ್ಪುವುದಿಲ್ಲ. ಅಕ್ಕಲಕೋಟ, ದಕ್ಷಿಣ ಸೋಲಾಪುರ ತಾಲೂಕುಗಳಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ. ಪುಣೆಯ ಬಾಲಭಾರತಿ ಕನ್ನಡದಲ್ಲಿಯೂ ಪಠ್ಯಪುಸ್ತಕ ಅಚ್ಚು ಹಾಕುತ್ತದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಅನುಕೂಲ ಒದಗಿಸಲು ಯತ್ನಿಸಬೇಕೆಂದು 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿ ಹೇಳುತ್ತದೆ. ಗಡಿಯ ವಿಷಯದಲ್ಲಿ ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು, ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಆ ವಾದ ನೆಲದ್ದು. ಯಾವ ಕೋರ್ಟಿನ ತೀರ್ಪೂ ನಮ್ಮ ಅಡುಗೆಮನೆಯಲ್ಲಿ ಯಾವ ಮಾತು ಇರಬೇಕೆಂದು ಹೇಳಲಾರದು. ಶಾಲೆ ಯಾವುದೇ ಇರಲಿ, ಮನೆಯಲ್ಲಿ ಕನ್ನಡ ಆಡುವುದಕ್ಕೆ ಫೀ ಕೊಡಬೇಕಾಗಿಲ್ಲ.

ನಾಚಿಕೆಯ ಎರಡನೆಯ ಕೇಡು ಇನ್ನೂ ಭಯಂಕರವಾದದ್ದು. ಅದು ಯಂತ್ರದ ಬಳಿ ನಡೆಯುತ್ತದೆ. ಮೇಲಿನವರು ಮರಾಠಿಯಲ್ಲೋ ಹಿಂದಿಯಲ್ಲೋ ವೇಗವಾಗಿ ಸೂಚನೆ ಕೊಡುತ್ತಾರೆ. ಯಾವ ವಾಲ್ವ್ ಮೊದಲು ಮುಚ್ಚಬೇಕು, ಯಾವ ಡ್ರಮ್ ಮುಟ್ಟಬಾರದು, ಬೆಲ್ಟು ನಿಲ್ಲುವ ಮುಂಚೆ ಕೈ ಹಾಕಬಾರದು ಎಂಬಂಥ ಮಾತುಗಳು. ಅರ್ಧ ತಿಳಿದಿರುತ್ತದೆ. ಆದರೆ "ತಿಳೀಲಿಲ್ರಿ" ಎಂದರೆ ನಾಲ್ಕು ಜನ ನಗುತ್ತಾರೆಂದು ನಮ್ಮವರು "ಹೋಯ್ ಸಾಹೇಬ" ಎಂದು ತಲೆಯಾಡಿಸುತ್ತಾರೆ. ಆ ತಲೆಯಾಡಿಸುವಿಕೆಯ ಬೆಲೆ ಒಮ್ಮೊಮ್ಮೆ ಒಂದು ಬೆರಳು, ಒಮ್ಮೊಮ್ಮೆ ಒಂದು ಜೀವ. ಓದದೆ ಹೆಬ್ಬೆಟ್ಟು ಒತ್ತಿದ ಕಾಗದದ ಕಥೆಯೂ ಇದೇ.

1948ರ ಕಾರ್ಖಾನೆ ಕಾಯದೆಯ 108ನೆಯ ಕಲಮು ಕಾರ್ಖಾನೆಯ ಸೂಚನಾಫಲಕಗಳು ಇಂಗ್ಲಿಷಿನಲ್ಲಿಯೂ, ಬಹುಪಾಲು ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲಿಯೂ ಇರಬೇಕೆಂದು ಹೇಳಿತ್ತು. ಒಳ್ಳೆಯ ಮಾತೇ. ಆದರೆ ಬಹುಪಾಲಿನಲ್ಲಿ ಸೇರದವರ ಗತಿ ಏನು? ನೂರರಲ್ಲಿ ಅರವತ್ತು ಜನಕ್ಕೆ ತಿಳಿದರೆ ಫಲಕದ ಕೆಲಸ ಮುಗಿಯಿತು. ಉಳಿದ ನಲವತ್ತು ಜನರ ಕೈಯೂ ಅದೇ ಯಂತ್ರದ ಮೇಲಿರುತ್ತದೆ. ಕಾಯದೆಯ ಜಾಗಕ್ಕೆ 2020ರ ಹೊಸ ಸಂಹಿತೆ ಬಂದರೂ ಈ ಪ್ರಶ್ನೆ ನಮ್ಮ ಮುಂದಿದೆ. ಫಲಕ ಮಾಡಲಾರದ ಕೆಲಸವನ್ನು ಪಕ್ಕದಲ್ಲಿ ನಿಂತ ಮನುಷ್ಯ ಮಾಡಬಲ್ಲ. ನಾಲ್ಕು ಭಾಷೆ ಬೆರೆಸಿ ಆಡುವ ಆ ಹಳೆಯ ಕೆಲಸಗಾರನೇ, "ಹೇ ವಾಲ್ವ್ ಆದಿ ಬಂದ್ ಮಾಡು, ಮಗ ಅದನ್ನ ತೆಗಿ" ಎಂದು ಹೊಸಬನ ಜೀವ ಉಳಿಸುವವನು. ಅವನ ಬೆರಕೆ ಮಾತಿಗೆ ನಗುವವರು ಇದನ್ನು ಯೋಚಿಸಲಿ.

ಗಲಿಲಾಯದ ಪೇತ್ರನನ್ನು ಅಂಗಳದಲ್ಲಿ ಜನ ಗುರುತು ಹಿಡಿದದ್ದು ಅವನ ಮಾತಿನ ಧಾಟಿಯಿಂದ. ಅದೇ ಧಾಟಿಯ ಮನುಷ್ಯ ಮುಂದೆ ಪಂಚಾಶತ್ತಮ ಹಬ್ಬದ ದಿನ ಎದ್ದು ನಿಂತು ಜನಸಮೂಹಕ್ಕೆ ಬೋಧಿಸಿದ. ಆ ದಿನ ಎಲ್ಲರಿಗೂ ಒಂದೇ ಭಾಷೆ ಬರಲಿಲ್ಲ. ಪ್ರತಿಯೊಬ್ಬನೂ ತನ್ನ ತನ್ನ ಭಾಷೆಯಲ್ಲಿ ಕೇಳಿದ.

ಒಂದು ಎಚ್ಚರಿಕೆಯ ಮಾತೂ ಇದೆ. ಮಾತು ಕೂಡಿಸುವಂತೆಯೇ ಹೊರಗಿಡಲೂ ಬಲ್ಲದು. ಮರಾಠಿಯಲ್ಲಿ 'ನಾವು' ಎನ್ನಲು ಎರಡು ಶಬ್ದಗಳಿವೆ. ಕೇಳುವವನನ್ನು ಬಿಟ್ಟರೆ 'ಆಮ್ಹೀ', ಸೇರಿಸಿಕೊಂಡರೆ 'ಆಪಣ'. ತೆಲುಗಿನಲ್ಲಿಯೂ 'ಮೇಮು', 'ಮನಮು' ಎಂದು ಬೇರೆ ಬೇರೆ. ಕನ್ನಡದಲ್ಲಿ ಒಂದೇ 'ನಾವು'. ಅದರೊಳಗೆ ಯಾರಿದ್ದಾರೆ ಎಂಬುದನ್ನು ನಮ್ಮ ನಡತೆಯೇ ಹೇಳಬೇಕು. ಊಟದ ಹೊತ್ತಿಗೆ ನಾಲ್ವರು ಕನ್ನಡದ ಹೆಂಗಸರು ಕೂತಿರುವಾಗ ತೆಲುಗಿನ ಅಕ್ಕ ಬಂದು ಡಬ್ಬಿ ಬಿಚ್ಚಿದರೆ, ಮಾತನ್ನು ಅವಳಿಗೂ ತಿಳಿಯುವಂತೆ ತಿರುಗಿಸುವುದು ಮರ್ಯಾದೆ. ಅವಳೆದುರು ಬೇಕೆಂದೇ ಗಟ್ಟಿ ಕನ್ನಡ ಆಡಿ ನಕ್ಕರೆ, ನಮ್ಮನ್ನು ನೋಡಿ ನಕ್ಕವರಿಗಿಂತ ನಾವು ಮೇಲಾಗಲಿಲ್ಲ.

ಆದ್ದರಿಂದ ನಮ್ಮ ಕುಟುಂಬಗಳಿಗೆ ನಾವು ಹೇಳುವುದು ಇಷ್ಟೇ. ಗೇಟಿನಲ್ಲಿ, ಸಂತೆಯಲ್ಲಿ, ಬಸ್ಸಿನಲ್ಲಿ ಧಾರಾಳವಾಗಿ ಬೆರೆಸಿ ಮಾತಾಡಿರಿ. ಮನೆಯಲ್ಲಿ ಮಕ್ಕಳೊಡನೆ ಕನ್ನಡ ಆಡಿರಿ. ಅದರಲ್ಲಿ ನಾಲ್ಕು ಮರಾಠಿ ಶಬ್ದ ಇದ್ದರೆ ಇರಲಿ. ಮಗುವಿಗೆ ಅಕ್ಷರ ಕಲಿಸುವಾಗ ಕನ್ನಡದ ಅಕ್ಷರವನ್ನೂ ಕಲಿಸಿರಿ, ಅಜ್ಜಿಗೆ ಒಂದು ಕಾಗದ ಬರೆಯುವಷ್ಟಾದರೂ. ಕೆಲಸದಲ್ಲಿ ತಿಳಿಯದಿದ್ದರೆ ಯಾವ ಭಾಷೆಯಲ್ಲಾದರೂ ಸರಿ, "ತಿಳೀಲಿಲ್ಲ, ಇನ್ನೊಮ್ಮೆ ಹೇಳ್ರಿ" ಎಂದು ಕೇಳಿರಿ. ಓದಲು ಬಾರದ ಕಾಗದವನ್ನು ಬಲ್ಲವರಿಂದ ಓದಿಸಿ, ನಿಮ್ಮ ಮಾತಿನಲ್ಲಿ ಅರ್ಥ ಹೇಳಿಸಿಕೊಂಡ ಮೇಲೆಯೇ ಸಹಿ ಹಾಕಿರಿ. ಬಲ್ಲವರು ಬೇಸರಿಸದೆ ಹೇಳಲಿ.