ಆಡಿದ ಮಾತಿನ ಲೆಕ್ಕ ಕೊಡಿ: ಶ್ವೇತಭವನದ ಫೋನ್ ಸಂಭಾಷಣೆ ಮತ್ತು ಮೆಮೊಗಳ ಕುರಿತು ಹಕ್ಕೊತ್ತಾಯ ಪತ್ರ

ಇವರಿಗೆ:
ಅಮೆರಿಕ ಸಂಸತ್ತಿನ ಉಭಯ ಸದನಗಳ ಸದಸ್ಯರು
ಅಮೆರಿಕ ರಾಷ್ಟ್ರೀಯ ಪತ್ರಾಗಾರದ ಮುಖ್ಯಸ್ಥರು
ಶ್ವೇತಭವನದ ರಾಷ್ಟ್ರೀಯ ಭದ್ರತಾ ಮಂಡಳಿ
ವಿದೇಶಾಂಗ ಇಲಾಖೆಯ ಇತಿಹಾಸ ಕಚೇರಿ

ಇವರಿಂದ: ಇತಿಹಾಸದ ಓದುಗರು, ಸಂಶೋಧಕರು, ಪತ್ರಕರ್ತರು, ಮತ್ತು ಅಮೆರಿಕದಲ್ಲಿ ನೆಲೆಸಿ ಅಲ್ಲಿನ ತೆರಿಗೆ ಕಟ್ಟಿ ಮತ ಹಾಕುವ ಕನ್ನಡಿಗರು

ಮಾನ್ಯರೇ,

ರಾಯಚೂರು ಜಿಲ್ಲೆಯ ಸಿಂಧನೂರಿನ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳಲ್ಲಿ ಮನೆಯೊಳಗೆ ಬಂಗಾಳಿ, ಸಂತೆಯಲ್ಲಿ ಕನ್ನಡ ಆಡುವ ಕುಟುಂಬಗಳಿವೆ. ಇಂದಿನ ಬಾಂಗ್ಲಾದೇಶವಾದ ಪೂರ್ವ ಪಾಕಿಸ್ತಾನದಲ್ಲಿ ಮನೆಮಠ ಬಿಟ್ಟು ಬಂದವರು ಅವರು, ಅವರ ಮಕ್ಕಳು, ಮೊಮ್ಮಕ್ಕಳು. ಆ ನಾಡಿನ ಕೊನೆಯ ಅಧ್ಯಾಯ 1971ರದ್ದು. ಮಾರ್ಚ್ 25ರ ರಾತ್ರಿ ಢಾಕಾದಲ್ಲಿ ಪಾಕಿಸ್ತಾನಿ ಸೇನೆಯ ದಮನ ಶುರುವಾಯಿತು. ವರ್ಷ ಮುಗಿಯುವ ಹೊತ್ತಿಗೆ ಸುಮಾರು 1 ಕೋಟಿ ಜನ ಗಡಿ ದಾಟಿ ಭಾರತಕ್ಕೆ ಬಂದಿದ್ದರು.

ಅವರು ನಡೆಯುತ್ತಿದ್ದಾಗ ವಾಷಿಂಗ್ಟನ್ನಿನಲ್ಲಿ ಅವರ ಬಗ್ಗೆ ಮಾತು ನಡೆದಿತ್ತು. ಢಾಕಾದ ಅಮೆರಿಕನ್ ಕಾನ್ಸುಲ್ ಜನರಲ್ ಆರ್ಚರ್ ಬ್ಲಡ್ ಏಪ್ರಿಲ್ 6ರಂದು ಭಿನ್ನಮತದ ತಂತಿ ಕಳಿಸಿದರು. ತಮ್ಮ ಸರ್ಕಾರ ಕಣ್ಣೆದುರಿನ ಕೊಲೆಗಳನ್ನು ಖಂಡಿಸುತ್ತಿಲ್ಲ ಎಂದು 20 ಮಂದಿ ಅಧಿಕಾರಿಗಳು ಅದಕ್ಕೆ ಹೆಸರು ಕೊಟ್ಟಿದ್ದರು. ಅದೇ ತಿಂಗಳ 28ರಂದು ರಾಷ್ಟ್ರೀಯ ಭದ್ರತಾ ಸಲಹೆಗಾರ ಹೆನ್ರಿ ಕಿಸಿಂಜರ್ ಅಧ್ಯಕ್ಷ ನಿಕ್ಸನ್ ಮುಂದೆ ಒಂದು ಮೆಮೊ ಇಟ್ಟರು. ಈ ಹೊತ್ತಿನಲ್ಲಿ ಪಾಕಿಸ್ತಾನದ ಅಧ್ಯಕ್ಷ ಯಾಹ್ಯಾ ಖಾನ್ ಮೇಲೆ ಒತ್ತಡ ಹಾಕಬೇಡಿ ಎಂದು ನಿಕ್ಸನ್ ಅದರ ಮೇಲೆ ತಮ್ಮ ಕೈಯಾರೆ ಬರೆದರು. 'ಬೇಡಿ' ಎಂಬುದರ ಕೆಳಗೆ ಮೂರು ಗೆರೆ ಎಳೆದರು. ಡಿಸೆಂಬರಿನಲ್ಲಿ ಭಾರತ-ಪಾಕಿಸ್ತಾನ ಯುದ್ಧ ಬಂತು. ಆಗ ಜೋರ್ಡಾನ್, ಇರಾನ್ ಮೂಲಕ ಪಾಕಿಸ್ತಾನಕ್ಕೆ ಯುದ್ಧವಿಮಾನ ತಲುಪಿಸುವ ಬಗ್ಗೆ ನಿಕ್ಸನ್ ಮತ್ತು ಕಿಸಿಂಜರ್ ನಡುವೆ ಮಾತಾಯಿತು. ಅದು ಕಾನೂನಿಗೆ ವಿರುದ್ಧವೆಂದು ಅಧಿಕಾರಿಗಳು ಎಚ್ಚರಿಸಿದ ಮೇಲೂ ಆ ಮಾತು ನಿಲ್ಲಲಿಲ್ಲ.

ತಂತಿ ಒಂದು ಕಥೆ ಹೇಳುತ್ತದೆ, ಮೆಮೊ ಇನ್ನೊಂದು, ಫೋನು ಮೂರನೆಯದು. ಮೂರನ್ನೂ ಒಂದೇ ಮೇಜಿನ ಮೇಲೆ ಹರಡಿದಾಗ ಯಾರಿಗೆ ಏನು ಗೊತ್ತಿತ್ತು, ಗೊತ್ತಿದ್ದೂ ಏನು ಮಾಡಿದರು ಎಂಬುದು ಕಾಣುತ್ತದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ನಮ್ಮಲ್ಲಿದೆ. ಕೋಟಿ ಜನರ ಹಣೆಬರಹ ಬರೆಯುವ ಮಾತು ಹಾಗೆ ಹೋಗಬಾರದು. ಯಾರ ಬದುಕಿನ ಬಗ್ಗೆ ಆ ಮಾತು ನಡೆಯಿತೋ ಅವರು ಬದುಕಿರುವಾಗಲೇ ಅದು ಅವರ ಕಿವಿಗೆ ಬೀಳಬೇಕು. ನಮ್ಮ ಒತ್ತಾಯದ ತಿರುಳು ಇಷ್ಟೇ. ಅದಕ್ಕಾಗಿ ಕೆಳಕಂಡ ಹಕ್ಕೊತ್ತಾಯಗಳನ್ನು ಮಂಡಿಸುತ್ತಿದ್ದೇವೆ.

1. ಸರ್ಕಾರಿ ಕುರ್ಚಿಯಲ್ಲಿ ಕೂತು ಆಡಿದ ಮಾತಿನ ದಾಖಲೆ ಯಾರ ಖಾಸಗಿ ಸ್ವತ್ತೂ ಆಗಕೂಡದು.

ಕಿಸಿಂಜರ್ ಅವರ ಫೋನ್ ಕರೆಗಳನ್ನು ಕಾರ್ಯದರ್ಶಿಗಳು ಇನ್ನೊಂದು ಲೈನಿನಲ್ಲಿ ಕೇಳಿಸಿಕೊಂಡು ಶೀಘ್ರಲಿಪಿಯಲ್ಲಿ ಬರೆದು ಬೆರಳಚ್ಚು ಮಾಡುತ್ತಿದ್ದರು. ಸರ್ಕಾರದ ಸಮಯ, ಸರ್ಕಾರದ ಸಂಬಳ, ಸರ್ಕಾರದ ಕಾಗದ. ಆದರೂ 1976ರಲ್ಲಿ ಅವನ್ನು ಸ್ವಂತ ಕಾಗದಗಳೆಂದು ಕಿಸಿಂಜರ್ ಕೊಂಡೊಯ್ದರು. ಮೊದಲು ಆಗಿನ ಉಪಾಧ್ಯಕ್ಷ ನೆಲ್ಸನ್ ರಾಕ್‌ಫೆಲರ್ ಅವರ ಎಸ್ಟೇಟಿನಲ್ಲಿರಿಸಿ, ಆಮೇಲೆ ಲೈಬ್ರರಿ ಆಫ್ ಕಾಂಗ್ರೆಸ್ಸಿಗೆ ಷರತ್ತಿನ ಮೇಲೆ ದಾನ ಕೊಟ್ಟರು. ತಾವು ತೀರಿಕೊಂಡು 5 ವರ್ಷ ಕಳೆಯುವ ತನಕ ಸಾರ್ವಜನಿಕರಿಗೆ ತೆರೆಯಬಾರದು ಎಂಬುದು ಷರತ್ತು. ಕೈಬಿಟ್ಟು ಹೋದ ಕಾಗದವನ್ನು ವಾಪಸ್ ತರಿಸುವಂತೆ ಇಲಾಖೆಯನ್ನು ಒತ್ತಾಯಿಸಲಾಗದು ಎಂದು 1980ರಲ್ಲಿ ಸುಪ್ರೀಂ ಕೋರ್ಟೂ ಹೇಳಿತು. ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ನ್ಯಾಷನಲ್ ಸೆಕ್ಯುರಿಟಿ ಆರ್ಕೈವ್ ದಾವೆಯ ಕರಡು ಹಿಡಿದು ನಿಂತ ಮೇಲೆ 2001ರಲ್ಲಿ ಪ್ರತಿಗಳು ಸರ್ಕಾರಕ್ಕೆ ಮರಳಿದವು. 2004ರಲ್ಲಿ ಸುಮಾರು 20,000 ಪುಟ ತೆರೆಯಿತು. ಕಿಸಿಂಜರ್ ತೀರಿಕೊಂಡದ್ದು 2023ರ ನವೆಂಬರಿನಲ್ಲಿ. ಆ ಷರತ್ತೇ ನಡೆದಿದ್ದರೆ ನಾವು 2028ರವರೆಗೆ ಕಾಯಬೇಕಿತ್ತು.

ಅಧ್ಯಕ್ಷರ ದಾಖಲೆ ದೇಶದ ಸ್ವತ್ತು ಎನ್ನುವ 1978ರ ಕಾಯ್ದೆ 1981ರ ಜನವರಿ 20ರಿಂದ ಜಾರಿಯಲ್ಲಿದೆ. ಅದೇ ಮಾತು ಮಂತ್ರಿಗಳಿಗೂ ಸಲಹೆಗಾರರಿಗೂ ಅಷ್ಟೇ ಬಿಗಿಯಾಗಿ ಅನ್ವಯಿಸಬೇಕು. ಹೊರಗೆ ಹೋದದ್ದನ್ನು ಮರಳಿ ತರಿಸಲು ನಾಗರಿಕರೂ ನ್ಯಾಯಾಲಯಕ್ಕೆ ಹೋಗುವಂತಿರಬೇಕು.

2. ವಿದೇಶಿ ನಾಯಕರೊಡನೆ ನಡೆದ ಪ್ರತಿ ಕರೆಗೂ ಪೂರ್ಣ ದಾಖಲೆ ಇರಬೇಕು.

2019ರ ಜುಲೈ 25ರಂದು ಅಧ್ಯಕ್ಷ ಟ್ರಂಪ್ ಉಕ್ರೇನಿನ ಅಧ್ಯಕ್ಷ ಜೆಲೆನ್‌ಸ್ಕಿ ಅವರೊಡನೆ ಆಡಿದ ಮಾತಿನ ಮೆಮೊ ಎರಡು ತಿಂಗಳಲ್ಲಿ ಲೋಕಕ್ಕೆಲ್ಲ ಗೊತ್ತಾಯಿತು. ಇದು ಪದಶಃ ದಾಖಲೆಯಲ್ಲ, ಕೇಳಿಸಿಕೊಂಡ ಸಿಬ್ಬಂದಿಯ ಟಿಪ್ಪಣಿ ಮತ್ತು ನೆನಪು ಎಂದು ಅದರಲ್ಲೇ ಅಚ್ಚಾಗಿದೆ. ಒಬ್ಬ ಅಧ್ಯಕ್ಷರ ಮಹಾಭಿಯೋಗ ನಿಂತದ್ದು ಇಂಥ ಕಾಗದದ ಮೇಲೆ. ಯಾರು ಕೇಳಿಸಿಕೊಂಡರು, ಯಾರು ಮೊದಲ ಕರಡು ಬರೆದರು, ಯಾರು ಯಾವ ಪದ ತಿದ್ದಿದರು ಎಂಬುದು ಕರಡಿನ ಸಮೇತ ಕಡತದಲ್ಲಿ ಉಳಿಯಬೇಕು.

3. ಕರೆಗಳ ಪಟ್ಟಿಯಲ್ಲಿ ತೂತು ಇರಕೂಡದು.

2021ರ ಜನವರಿ 6ರಂದು ಸಂಸತ್ ಭವನಕ್ಕೆ ಗುಂಪು ನುಗ್ಗಿತು. ಅಂದು ಶ್ವೇತಭವನದ ಅಧಿಕೃತ ಕರೆಪಟ್ಟಿಯಲ್ಲಿ 7 ಗಂಟೆ 37 ನಿಮಿಷ ಖಾಲಿ ಇದೆ. ಆ ಹೊತ್ತಿನಲ್ಲಿ ಅಧ್ಯಕ್ಷ ಟ್ರಂಪ್ ಫೋನಿನಲ್ಲಿ ಮಾತಾಡಿದ್ದು ಬೇರೆಯವರ ಸಾಕ್ಷ್ಯದಿಂದ ತಿಳಿದಿದೆ. ಹಿಂದೆ ವಾಟರ್‌ಗೇಟ್ ಹಗರಣದ ಹೊತ್ತಿನಲ್ಲಿ 1972ರ ಜೂನ್ 20ರ ನಿಕ್ಸನ್ ಟೇಪಿನ ಹದಿನೆಂಟೂವರೆ ನಿಮಿಷದ ಮೌನಕ್ಕೆ ದೇಶ ಬೆಚ್ಚಿಬಿದ್ದಿತ್ತು. ಸರ್ಕಾರಿ ಕೆಲಸಕ್ಕೆ ಯಾರ ಮೊಬೈಲು ಬಳಸಿದರೂ ಆ ಕರೆ ಅದೇ ದಿನ ಪಟ್ಟಿಗೆ ಸೇರಬೇಕು.

4. ತಾನಾಗಿ ಅಳಿಯುವ ಸಂದೇಶದಲ್ಲಿ ಸರ್ಕಾರಿ ಕೆಲಸ ನಡೆಸುವುದನ್ನು ನಿಷೇಧಿಸಬೇಕು.

ರೇಗನ್ ಆಡಳಿತದ ಕೊನೆಯ ದಿನಗಳಲ್ಲಿ ಶ್ವೇತಭವನದ ಇಮೇಲುಗಳು ಅಳಿಸಿಹೋಗುವುದರಲ್ಲಿದ್ದವು. 1989ರ ಜನವರಿ 19ರಂದು ಪತ್ರಕರ್ತ ಸ್ಕಾಟ್ ಆರ್ಮ್‌ಸ್ಟ್ರಾಂಗ್ ಮತ್ತಿತರರು ಕೋರ್ಟಿಗೆ ಹೋಗಿ ತಡೆದರು. ವಿದ್ಯುನ್ಮಾನ ಸಂದೇಶವೂ ದಾಖಲೆಯೇ ಎಂಬುದು 1993ರ ತೀರ್ಪಿನಲ್ಲಿ ಸ್ಥಿರವಾಯಿತು. 2014ರ ತಿದ್ದುಪಡಿಯಂತೆ ಖಾಸಗಿ ಖಾತೆಯಿಂದ ಕಳಿಸಿದ ಸರ್ಕಾರಿ ಸಂದೇಶದ ಪ್ರತಿ 20 ದಿನದೊಳಗೆ ಅಧಿಕೃತ ಖಾತೆಗೆ ಬರಬೇಕು. ಇಷ್ಟೆಲ್ಲ ಇದ್ದೂ 2025ರ ಮಾರ್ಚಿನಲ್ಲಿ ಯೆಮನ್ ಮೇಲಿನ ದಾಳಿಯ ಚರ್ಚೆ ಹಿರಿಯ ಅಧಿಕಾರಿಗಳ ನಡುವೆ ಸಿಗ್ನಲ್ ಆ್ಯಪಿನಲ್ಲಿ ನಡೆಯಿತು. ಸಂದೇಶಗಳನ್ನು ತಾನಾಗಿ ಅಳಿಯುವಂತೆ ಹೊಂದಿಸಲಾಗಿತ್ತು. ಇಂದಿನ ಟೆಲಿಫೋನು ಅದೇ. ನಾಳಿನ ಇತಿಹಾಸಕಾರರಿಗೆ ಕೇಳಲು ಏನೂ ಉಳಿಯದಂತೆ ಮಾಡುವುದು ಸುಟ್ಟುಹಾಕಿದ್ದಕ್ಕೆ ಸಮ. ಶಿಕ್ಷೆಯೂ ಹಾಗೇ ಇರಬೇಕು.

5. ಟೇಪಿನ ಪ್ರತಿ ಬೀಪ್‌ಗೂ ಕಾರಣ ಬರೆದು ತೋರಿಸಬೇಕು.

1971ರ ಫೆಬ್ರವರಿಯಿಂದ 1973ರ ಜುಲೈವರೆಗೆ ನಿಕ್ಸನ್ ಕೋಣೆಗಳಲ್ಲಿ ಸುಮಾರು 3,700 ಗಂಟೆಯ ಮಾತು ಟೇಪಿಗೆ ಸೇರಿತು. ಅದರಲ್ಲಿ ಸುಮಾರು 3,000 ಗಂಟೆ ಈಗ ಕೇಳಸಿಗುತ್ತದೆ. ಆದರೆ ಭಾರತದ ಪ್ರಧಾನಿ ಇಂದಿರಾ ಗಾಂಧಿ ವಾಷಿಂಗ್ಟನ್ನಿಗೆ ಭೇಟಿ ಕೊಟ್ಟ ಹೊತ್ತಿನ ಟೇಪುಗಳಲ್ಲಿ ಮುಚ್ಚಿಟ್ಟ ಭಾಗಗಳ ಜಾಗದಲ್ಲಿ ನಡುನಡುವೆ ಬೀಪ್ ಕೂಗುತ್ತಿತ್ತು. ಇತಿಹಾಸಕಾರ ಗ್ಯಾರಿ ಬಾಸ್ ವರ್ಷಗಟ್ಟಲೆ ಮನವಿ ಹಿಡಿದು ಕೂತರು. 2020ರಲ್ಲಿ ಅವರು ಬೆಳಕಿಗೆ ತಂದ ಭಾಗಗಳಲ್ಲಿ ಕೇಳಿಸಿದ್ದು ಭಾರತದ ಹೆಂಗಸರ ಕುರಿತು ಒಬ್ಬ ಅಧ್ಯಕ್ಷ ಆಡಿದ ಹೀನ ಮಾತು. ಅದರಲ್ಲಿ ಕ್ಷಿಪಣಿಯ ಗುಟ್ಟೂ ಇರಲಿಲ್ಲ, ಗೂಢಚಾರರ ಹೆಸರೂ ಇರಲಿಲ್ಲ.

ಅಧಿಕಾರಸ್ಥರ ಮುಜುಗರ ರಾಷ್ಟ್ರೀಯ ಭದ್ರತೆಯಾಗದು. ಮುಚ್ಚಿದ ಪ್ರತಿ ಭಾಗಕ್ಕೂ ಎಷ್ಟು ಸೆಕೆಂಡು, ಯಾವ ನಿಯಮದಡಿ, ಯಾರ ನಿರ್ಧಾರ, ಮತ್ತೆ ಪರಿಶೀಲನೆ ಯಾವಾಗ ಎಂಬ ಪಟ್ಟಿ ಪ್ರಕಟವಾಗಬೇಕು.

6. ನರಮೇಧ, ಯುದ್ಧ, ವಲಸೆಗೆ ಸಂಬಂಧಿಸಿದ ದಾಖಲೆಗಳಿಗೆ ಮೊದಲ ಸರದಿ ಇರಬೇಕು.

ವಿದೇಶಾಂಗ ದಾಖಲೆಗಳ ಅಧಿಕೃತ ಸಂಪುಟಗಳು 30 ವರ್ಷದೊಳಗೆ ಬರಬೇಕೆಂದು 1991ರ ಕಾನೂನು ಹೇಳುತ್ತದೆ. 1971ರ ದಕ್ಷಿಣ ಏಷ್ಯಾ ಬಿಕ್ಕಟ್ಟಿನ ಸಂಪುಟ ಬಂದದ್ದು 2005ರಲ್ಲಿ, 34 ವರ್ಷಕ್ಕೆ. ಅಧ್ಯಕ್ಷ ಲಿಂಡನ್ ಜಾನ್ಸನ್ ತಮ್ಮ ಫೋನ್ ಟೇಪುಗಳು ತಾವು ತೀರಿಕೊಂಡ 50 ವರ್ಷದವರೆಗೆ ಮುಚ್ಚಿರಲಿ ಎಂದು ಬಯಸಿದ್ದರು. ಹಾಗೆ ನಡೆದಿದ್ದರೆ ಬೀಗ 2023ರವರೆಗೂ ಇರುತ್ತಿತ್ತು. ಅವರ ಗ್ರಂಥಾಲಯದ ನಿರ್ದೇಶಕ ಹ್ಯಾರಿ ಮಿಡಲ್ಟನ್ 1993ರಲ್ಲೇ ತೆರೆಯಲು ಮುಂದಾದರು. ಸುಮಾರು 640 ಗಂಟೆಯ ಆ ಮಾತಿನಿಂದ ವಿಯೆಟ್ನಾಂ ಯುದ್ಧದ, ನಾಗರಿಕ ಹಕ್ಕುಗಳ ಕಾನೂನಿನ ಒಳಗಥೆ ತಿಳಿಯಿತು, ದೇಶಕ್ಕೆ ಕೇಡಾಗಲಿಲ್ಲ. ಸಾಮೂಹಿಕ ಹತ್ಯೆಗೆ ಸಂಬಂಧಿಸಿದ ದಾಖಲೆಯನ್ನು 15 ವರ್ಷದೊಳಗೆ ಪರಿಶೀಲಿಸಿ ತೆರೆಯಬೇಕು. ತೆರೆಯದಿದ್ದರೆ ಏಕೆಂದು ಸಂಸತ್ತಿಗೆ ಲಿಖಿತ ಉತ್ತರ ಕೊಡಬೇಕು.

7. ಮೆಮೊ ಇದ್ದ ಹಾಗೇ ಸಿಗಬೇಕು.

ಬೆರಳಚ್ಚಿನ ಪಠ್ಯ ಮಾತ್ರ ಮುದ್ರಿಸಿದರೆ ನಿಕ್ಸನ್ ಎಳೆದ ಮೂರು ಗೆರೆ ಎಲ್ಲಿ ಕಂಡೀತು? ಅಂಚಿನ ಬರಹ, ಸಹಿಯ ಮೊದಲಕ್ಷರ, ಹೊಡೆದುಹಾಕಿದ ಸಾಲು, ಯಾರ ಮೇಜಿಗೆ ಯಾವ ದಿನ ಹೋಯಿತೆಂಬ ಮೊಹರು ಎಲ್ಲವೂ ಕಾಣುವ ಬಣ್ಣದ ಛಾಯಾಪ್ರತಿ ಅಂತರ್ಜಾಲದಲ್ಲಿ ಉಚಿತವಾಗಿ ಸಿಗಲಿ. ಒಂದು ಮೆಮೊಗೆ ಹೊಂದುವ ತಂತಿ ಮತ್ತು ಫೋನ್ ದಾಖಲೆಯ ಕೊಂಡಿಯೂ ಅದರ ಪಕ್ಕದಲ್ಲೇ ಇರಲಿ.

8. ಟೇಪುಗಳಿಗೆ ಅಕ್ಷರರೂಪ ಒದಗಿಸಬೇಕು.

ಟೇಪೇ ದಾಖಲೆ, ಅಕ್ಷರರೂಪ ಕೇಳಿದವರ ಅರ್ಥೈಕೆ ಎಂಬುದು ಪತ್ರಾಗಾರದ ನಿಲುವು. ತತ್ವವಾಗಿ ಸರಿಯಿರಬಹುದು. ಆದರೆ ಚಮಚದ ಸದ್ದು, ಗೊಗ್ಗರು ದನಿ, ಅರ್ಧಕ್ಕೆ ನುಂಗಿದ ಪದಗಳ ನಡುವೆ ಒಂದು ಗಂಟೆಯ ಮಾತು ಬಿಡಿಸಲು ದಿನಗಳೇ ಬೇಕು. ಈ ಹೊರೆಯನ್ನು ವರ್ಜೀನಿಯಾ ವಿಶ್ವವಿದ್ಯಾಲಯದ ಮಿಲ್ಲರ್ ಸೆಂಟರ್‌ನಂಥವು ಹೊತ್ತಿವೆ. ಅವಕ್ಕೆ ಸರ್ಕಾರ ಹಣ ಕೊಡಲಿ. ಅನುಮಾನವಿರುವ ಪದಕ್ಕೆ ಗುರುತು ಹಾಕಿ ಪ್ರಕಟಿಸಲಿ. ಅಮೆರಿಕದ ಮಾಹಿತಿ ಸ್ವಾತಂತ್ರ್ಯ ಕಾಯ್ದೆಯಡಿ ಯಾವ ದೇಶದವರೂ ಅರ್ಜಿ ಹಾಕಬಹುದು. ಧಾರವಾಡದ ವಿದ್ಯಾರ್ಥಿಗೆ ಆ ಹಕ್ಕು ದಕ್ಕಬೇಕಾದರೆ ಹುಡುಕಲು ಬರುವ ಅಕ್ಷರ ಬೇಕು.

9. ಕಾವಲುಗಾರರಿಗೆ ಕಾಯುವ ಅಧಿಕಾರ ಕೊಡಬೇಕು.

1974ರ ಆಗಸ್ಟ್ 9ರಂದು ನಿಕ್ಸನ್ ರಾಜೀನಾಮೆ ಕೊಟ್ಟರು. ಮರುತಿಂಗಳೇ ಸರ್ಕಾರಿ ಅಧಿಕಾರಿ ಆರ್ಥರ್ ಸ್ಯಾಂಪ್ಸನ್ ಅವರೊಡನೆ ಒಪ್ಪಂದ ಮಾಡಿಕೊಂಡರು. ಅದು ಉಳಿದಿದ್ದರೆ ಟೇಪುಗಳು ಕಾಲಕ್ರಮದಲ್ಲಿ ನಾಶವಾಗುತ್ತಿದ್ದವು. ಬೇಲಿಯೇ ಎದ್ದು ಹೊಲ ಮೇಯುವುದನ್ನು ತಡೆದದ್ದು ಅದೇ ಡಿಸೆಂಬರಿನಲ್ಲಿ ಸಂಸತ್ತು ಮಾಡಿದ ಕಾನೂನು. ಇಂದು ದಾಖಲೆ ವಿಲೇವಾರಿಗೆ ಮುಂಚೆ ಅಧ್ಯಕ್ಷರು ಪತ್ರಾಗಾರದ ಮುಖ್ಯಸ್ಥರ ಲಿಖಿತ ಅಭಿಪ್ರಾಯ ಪಡೆಯಬೇಕು, ನಿಜ. ಆದರೆ ಅದನ್ನು ಮೀರಿದರೆ ತಡೆಯುವ ಕೈ ಯಾವುದೂ ಇಲ್ಲ. 2025ರ ಫೆಬ್ರವರಿಯಲ್ಲಿ ಮುಖ್ಯಸ್ಥರನ್ನೇ ಹುದ್ದೆಯಿಂದ ತೆಗೆದುಹಾಕಲಾಯಿತು. ಈ ಹುದ್ದೆಗೆ ನಿಗದಿತ ಅವಧಿ ಬೇಕು, ಸಾಬೀತಾದ ತಪ್ಪಿಲ್ಲದೆ ವಜಾ ಮಾಡಬಾರದು, ನಾಶದ ವಿರುದ್ಧ ನೇರವಾಗಿ ಕೋರ್ಟಿಗೆ ಹೋಗುವ ಅಧಿಕಾರ ಕೊಡಬೇಕು.

10. ಭಾರತ ಸರ್ಕಾರವೂ ತನ್ನ ಪಾಲು ತೆರೆಯಬೇಕು.

ಈ ಪತ್ರದ ಪ್ರತಿಯನ್ನು ದೆಹಲಿಗೂ ಕಳಿಸುತ್ತಿದ್ದೇವೆ. ಬೇರೆಯವರ ಮನೆಯ ದೀಪ ಹೊತ್ತಿಸಲು ಹೇಳುವ ಮೊದಲು ನಮ್ಮ ಜಗಲಿಯ ದೀಪ ಉರಿಯುತ್ತಿರಬೇಕು. 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಮತ್ತು 1997ರ ನಿಯಮಗಳ ಪ್ರಕಾರ 25 ವರ್ಷ ದಾಟಿದ ಕಡತ ಪರಿಶೀಲನೆಯಾಗಿ ರಾಷ್ಟ್ರೀಯ ಪತ್ರಾಗಾರ ಸೇರಬೇಕು. ಆದರೂ 1971ರ ಅಧ್ಯಯನಕ್ಕೆ ಸಂಶೋಧಕರು ಬಹುಪಾಲು ನೆಚ್ಚಿರುವುದು ದೆಹಲಿಯ ತೀನ್ ಮೂರ್ತಿ ಗ್ರಂಥಾಲಯದಲ್ಲಿರುವ, ಆಗ ಇಂದಿರಾ ಗಾಂಧಿಯವರ ಪ್ರಧಾನ ಕಾರ್ಯದರ್ಶಿಯಾಗಿದ್ದ ಪಿ.ಎನ್. ಹಕ್ಸರ್ ಅವರ ಸಂಗ್ರಹವನ್ನು. ಪ್ರಧಾನಿ ಕಚೇರಿಯ ಕಡತಗಳೂ ಹೊರಬರಲಿ. ವಾಷಿಂಗ್ಟನ್ನಿನ ಫೋನಿಗೆ ದೆಹಲಿಯಿಂದ ಏನು ಉತ್ತರ ಹೋಯಿತೆಂದು ನಮಗೂ ತಿಳಿಯಬೇಕು.

ಮಾನ್ಯರೇ,

1, 4 ಮತ್ತು 9ಕ್ಕೆ ಹೊಸ ಕಾನೂನು ಬೇಕು. ಅದು ಸಂಸತ್ತಿನ ಹೊಣೆ. 5, 7 ಮತ್ತು 8ಕ್ಕೆ ಆದೇಶ, ಸಿಬ್ಬಂದಿ, ಹಣ ಸಾಕು. ಈ ವರ್ಷವೇ ಆರಂಭಿಸಬಹುದು. ವ್ಯಕ್ತಿಗಳ ಖಾಸಗಿ ಕಾಯಿಲೆ, ಬದುಕಿರುವ ಮಾಹಿತಿದಾರರ ಪ್ರಾಣ, ಅಣ್ವಸ್ತ್ರದ ವಿವರ, ಇವುಗಳ ಗೋಪ್ಯತೆಯನ್ನು ನಾವು ಗೌರವಿಸುತ್ತೇವೆ. ಅದರಾಚೆಗೆ ಮುಚ್ಚಿಡಲು ನಿಮಗೆ ಹಕ್ಕಿಲ್ಲ ಎಂಬುದು ನಮ್ಮ ದೃಢ ನಿಲುವು.

1971ರಲ್ಲಿ ಗಡಿಯ ಶಿಬಿರವೊಂದರಲ್ಲಿ ಹುಟ್ಟಿದ ಕೂಸಿಗೆ ಅಧಿಕೃತ ಸಂಪುಟ ಬಂದಾಗ 34 ವರ್ಷ, ಬೀಪ್ ಸರಿದಾಗ 49. ಅಂಥ ಕೂಸುಗಳನ್ನು ಒಡಲಲ್ಲಿ ಹೊತ್ತು ನಡೆದು ಬಂದ ತಾಯಂದಿರಲ್ಲಿ ಎಷ್ಟೋ ಮಂದಿ ಅಷ್ಟರಲ್ಲಿ ತೀರಿಹೋಗಿದ್ದರು. ತಮ್ಮ ಬಗ್ಗೆ ಆಡಿದ ಮಾತನ್ನು ಕೇಳದೆಯೇ ಹೋದರು. ಇಂದು ಯಾವುದೋ ಗಡಿಯಲ್ಲಿ ಮಗುವನ್ನೆತ್ತಿಕೊಂಡು ನಡೆಯುತ್ತಿರುವ ತಾಯಿಗೆ ಹಾಗಾಗಬಾರದು ಎಂದು ಒತ್ತಾಯಿಸಿ ಈ ಪತ್ರಕ್ಕೆ ಸಹಿ ಹಾಕಿದ್ದೇವೆ.

ಇಂತಿ,
ಮೇಲೆ ಕಾಣಿಸಿದ ಓದುಗರು, ಸಂಶೋಧಕರು, ಪತ್ರಕರ್ತರು ಮತ್ತು ನಾಗರಿಕರು