ಮನೆಪಾಠ: ಋಣಸಂಖ್ಯೆಗೂ ಅಪವರ್ತನಗಳುಂಟು

ಈ ಸಲ ನಮ್ಮ ಅಂಕಣಕ್ಕೆ ಲೆಕ್ಕದ ಒಂದು ವಿಷಯವನ್ನು ಆರಿಸಿಕೊಂಡಿದ್ದೇವೆ. ಲೆಕ್ಕವೆಂದೊಡನೆ ಪುಟ ಮಗುಚಿಬಿಡುವ ವಾಚಕರು ನಮ್ಮಲ್ಲಿ ಕೆಲವರಾದರೂ ಇದ್ದಾರೆಂಬುದನ್ನು ಬಲ್ಲೆವು. ಅವರು ಕೊಂಚ ತಾಳಬೇಕೆಂದು ವಿನಂತಿ. ಇದು ಲೆಕ್ಕದ ಮಾತಾದರೂ ಮನೆಯ ಮಾತೂ ಹೌದು.

ಅಹಮದಾಬಾದು, ವಡೋದರಾ, ಸೂರತ್ತುಗಳಲ್ಲಿ ನೆಲೆಸಿರುವ ನಮ್ಮ ಮಕ್ಕಳು ಗುಜರಾತಿಯಲ್ಲೋ ಇಂಗ್ಲಿಷಿನಲ್ಲೋ ಓದುತ್ತಾರೆ. ಚಿಕ್ಕ ತರಗತಿಗಳಲ್ಲಿ ತಂದೆತಾಯಿಗಳು ಪಕ್ಕದಲ್ಲಿ ಕುಳಿತು ಹೇಳಿಕೊಡುತ್ತಾರೆ. ಏಳೆಂಟನೆಯ ತರಗತಿ ಬರುವಷ್ಟರಲ್ಲಿ, “ನಿಮ್ಮ ಶಬ್ದಗಳು ನಮಗೆ ತಿಳಿಯವು, ಟ್ಯೂಷನ್ನಿನಲ್ಲಿ ಕೇಳಿಕೋ” ಎಂದು ಕೈಬಿಡುತ್ತಾರೆ. ಅಲ್ಲಿಂದಾಚೆಗೆ ಮನೆಯ ಕನ್ನಡವು ಊಟತಿಂಡಿಗೆ, ನೆಂಟರಿಷ್ಟರ ಮಾತಿಗೆ ಮಾತ್ರ ಉಳಿಯುತ್ತದೆ. ಮಗು ಕನ್ನಡದಲ್ಲಿ ವಿಚಾರ ಮಾಡುವುದನ್ನು ಬಿಟ್ಟುಬಿಡುತ್ತದೆ. ನಮಗೆ ಚಿಂತೆಯಾಗಿರುವುದು ಇದೇ.

ಶಬ್ದಗಳ ತೊಡಕು ನಾವೆಣಿಸಿದಷ್ಟು ದೊಡ್ಡದಲ್ಲ. ಪೂರ್ಣಾಂಕ, ಧನ, ಋಣ ಇವೆಲ್ಲ ಗುಜರಾತಿಯಲ್ಲೂ ಕನ್ನಡದಲ್ಲೂ ಒಂದೇ. ನಾವು ‘ಅಪವರ್ತನ’ ಎನ್ನುವುದನ್ನು ಗುಜರಾತಿ ಪುಸ್ತಕ ‘ಅವಯವ’ ಎನ್ನುತ್ತದೆ, ಅಷ್ಟೆ. ಸಂಖ್ಯೆಗೂ ಕೈಕಾಲುಗಳಿವೆ ಎಂದುಕೊಂಡರೆ ಆಯಿತು. ಹೋಲಿಕೆ ಚೆನ್ನಾಗಿಯೇ ಇದೆ. ಒಂದು ಸಂಖ್ಯೆಯನ್ನು ಶೇಷವುಳಿಯದಂತೆ ಭಾಗಿಸುವ ಸಂಖ್ಯೆಯೇ ಅದರ ಅಪವರ್ತನ.

೧೨ರ ಅಪವರ್ತನಗಳನ್ನು ಕೇಳಿದರೆ ಮಕ್ಕಳು ೧, ೨, ೩, ೪, ೬, ೧೨ ಎಂದು ಥಟ್ಟನೆ ಹೇಳುತ್ತಾರೆ. −೧೨ರ ಅಪವರ್ತನಗಳಾವುವು ಎಂದರೆ ತಡವರಿಸುತ್ತಾರೆ. ಕೆಲವರು ‘ಋಣಕ್ಕೆ ಅಪವರ್ತನವೇ ಇಲ್ಲ’ ಎನ್ನುವರು. ಕೆಲವರು ಆರು ಸಂಖ್ಯೆಗಳಿಗೂ ಋಣಚಿಹ್ನೆ ಹಚ್ಚಿ ಮುಗಿಸುವರು. ಎರಡೂ ಸರಿಯಲ್ಲ.

ಇದನ್ನು ತಿಳಿಯಲು ಇಲ್ಲಿನ ವರ್ತಕರ ಚೋಪಡಾ ಸಾಕು. ದೀಪಾವಳಿಯಲ್ಲಿ ಅವರು ಪೂಜಿಸುವ ಆ ಲೆಕ್ಕದ ಪುಸ್ತಕದಲ್ಲಿ ಜಮಾ ಒಂದು ಕಡೆ, ಉಧಾರ ಇನ್ನೊಂದು ಕಡೆ. ನಾಲ್ಕು ರೂಪಾಯಿಯ ಸಾಲ ಮೂರು ಸಲ ನಮ್ಮ ಮೇಲೆ ಬಿದ್ದರೆ ಹನ್ನೆರಡು ರೂಪಾಯಿ ಸಾಲ: ೩ × −೪ = −೧೨. ನಾಲ್ಕು ರೂಪಾಯಿ ನಗದು ಮೂರು ಸಲ ಕೈಬಿಟ್ಟು ಹೋದರೂ ಅಷ್ಟೇ ನಷ್ಟ: −೩ × ೪ = −೧೨. ಆದರೆ ನಾಲ್ಕು ರೂಪಾಯಿಯ ಮೂರು ಸಾಲಗಳನ್ನು ಹೊಡೆದುಹಾಕಿದರೆ ನಮಗೆ ಹನ್ನೆರಡು ರೂಪಾಯಿ ಲಾಭ: −೩ × −೪ = ೧೨. ಆದ್ದರಿಂದ ಗುಣಲಬ್ಧ ಋಣವಾಗಬೇಕಾದರೆ ಇಬ್ಬರಲ್ಲಿ ಒಬ್ಬನು ಧನ, ಇನ್ನೊಬ್ಬನು ಋಣನಾಗಿರಲೇಬೇಕು.

ಹೀಗೆ −೧೨ಕ್ಕೆ ಬರುವ ಜೋಡಿಗಳು ಆರು: ೧ ಮತ್ತು −೧೨, ೨ ಮತ್ತು −೬, ೩ ಮತ್ತು −೪, ೪ ಮತ್ತು −೩, ೬ ಮತ್ತು −೨, ೧೨ ಮತ್ತು −೧. ಅಂದರೆ ೧, ೨, ೩, ೪, ೬, ೧೨ ಇವೂ, ಇವುಗಳ ಋಣರೂಪಗಳೂ ಸೇರಿ ಒಟ್ಟು ಹನ್ನೆರಡು ಅಪವರ್ತನಗಳು. ಎಣಿಕೆಗೆ ಸುಲಭವಾದ ಸೂತ್ರವೊಂದಿದೆ. ಧನ ಅಪವರ್ತನವನ್ನು ಆರಿಸಿಕೊಂಡರೆ ಅದರ ಋಣ ಜೊತೆಗಾರ ತಾನಾಗಿಯೇ ನಿಶ್ಚಯವಾಗುತ್ತದೆ. ಆದ್ದರಿಂದ ಧನ ಅಪವರ್ತನಗಳೆಷ್ಟೋ ಜೋಡಿಗಳೂ ಅಷ್ಟೇ.

ಈಗ −೩೬ನ್ನು ನೋಡೋಣ. ೩೬ರ ಧನ ಅಪವರ್ತನಗಳು ಒಂಬತ್ತು; ಆದ್ದರಿಂದ ಜೋಡಿಗಳೂ ಒಂಬತ್ತು. ನಡುವಿನ ಜೋಡಿ ೬ ಮತ್ತು −೬. ಇವು ಒಂದೇ ಸಂಖ್ಯೆಯಲ್ಲ. ಯಾವ ಸಂಖ್ಯೆಯೂ ತನ್ನನ್ನು ತಾನೇ ಗುಣಿಸಿಕೊಂಡು −೩೬ ಆಗಲಾರದು. ಈ ಮಾತನ್ನು ಸ್ಪಷ್ಟವಾಗಿ ಬರೆದಿಟ್ಟವನು ನಮ್ಮ ನಾಡಿನ ಮಹಾವೀರಾಚಾರ್ಯ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಆತ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ಋಣಸಂಖ್ಯೆ ಸ್ವಭಾವತಃ ವರ್ಗವಲ್ಲವಾದ್ದರಿಂದ ಅದಕ್ಕೆ ವರ್ಗಮೂಲವಿಲ್ಲವೆಂಬುದು ಅಲ್ಲಿನ ಅಭಿಪ್ರಾಯ. ಈ ಗ್ರಂಥವನ್ನು ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ೧೯೧೨ರಲ್ಲಿ ಅಚ್ಚುಮಾಡಿಸಿದರು. ಧನ-ಋಣಗಳ ಗುಣಾಕಾರ ನಿಯಮಗಳನ್ನು ಅದಕ್ಕೂ ಮೊದಲೇ, ೬೨೮ರಲ್ಲಿ, ಬ್ರಹ್ಮಗುಪ್ತನು ಹೇಳಿದ್ದನು. ಆತನ ಊರು ಭಿಲ್ಲಮಾಲ, ಇಂದಿನ ಭೀನಮಾಲ. ಗುಜರಾತಿನ ಗಡಿಗೆ ಅಷ್ಟೇನೂ ದೂರವಲ್ಲ, ರಾಜಸ್ಥಾನದ ದಕ್ಷಿಣಕ್ಕಿದೆ.

ಇನ್ನೊಂದು ಸಂಗತಿಯನ್ನು ನಮ್ಮ ಮಕ್ಕಳು ತಿಳಿದಿರಬೇಕು. ಅದೇ ರಾಷ್ಟ್ರಕೂಟರ ಒಂದು ಶಾಖೆ ಆಗ ಲಾಟದೇಶವನ್ನು, ಅಂದರೆ ದಕ್ಷಿಣ ಗುಜರಾತನ್ನು, ಆಳುತ್ತಿತ್ತು. ಆ ಶಾಖೆಯ ಕರ್ಕ ಸುವರ್ಣವರ್ಷನ ೮೧೨ರ ತಾಮ್ರಶಾಸನವು ವಡೋದರೆಯಲ್ಲಿ ದೊರೆಯಿತು. ಅದರಲ್ಲಿ ದತ್ತಿಯಾಗಿ ಕೊಟ್ಟ ಹಳ್ಳಿಯ ಹೆಸರೇ ಇಂದಿನ ವಡೋದರೆಯ ಹೆಸರಿನ ಹಳೆಯ ರೂಪ; ಆಲದ ಮರದಿಂದ ಬಂದದ್ದು. ಕರ್ನಾಟಕಕ್ಕೂ ಈ ಸೀಮೆಗೂ ನಂಟು ನಾವು ಬಂದಮೇಲೆ ಬೆಳೆದದ್ದಲ್ಲ.

ಇರಲಿ, ಲೆಕ್ಕಕ್ಕೆ ಮರಳೋಣ. ಋಣಸಂಖ್ಯೆಯ ಅಪವರ್ತನಗಳಿಂದ ಪ್ರಯೋಜನವೇನು? ಒಂಬತ್ತು ಹತ್ತನೆಯ ತರಗತಿಯ ಬೀಜಗಣಿತದಲ್ಲಿ ಇದರ ಉಪಯೋಗ ತಿಳಿಯುತ್ತದೆ. ‘ಎಕ್ಸ್ ವರ್ಗ + ೪ ಎಕ್ಸ್ − ೧೨’ ಎಂಬುದನ್ನು ಬಿಡಿಸಬೇಕೆನ್ನಿ. ಗುಣಿಸಿದರೆ −೧೨, ಕೂಡಿಸಿದರೆ ೪ ಬರುವ ಜೋಡಿ ಬೇಕು. ಮಕ್ಕಳು ಕಣ್ಣುಮುಚ್ಚಿ ಹುಡುಕಿ ಬಳಲುತ್ತಾರೆ. ಅವರಿಗೆ ಹೀಗೆ ಹೇಳಿಕೊಡಿರಿ: ಗುಣಲಬ್ಧ ಧನವಾಗಿದ್ದರೆ ಚಿಹ್ನೆ ಬಿಟ್ಟು ಜೋಡಿಯ ಮೊತ್ತವನ್ನು ನೋಡು, ಋಣವಾಗಿದ್ದರೆ ವ್ಯತ್ಯಾಸವನ್ನು ನೋಡು. ೧೨ ಮತ್ತು ೧ರ ವ್ಯತ್ಯಾಸ ೧೧. ೬ ಮತ್ತು ೨ರದು ೪. ೪ ಮತ್ತು ೩ರದು ೧. ನಮಗೆ ಬೇಕಾದದ್ದು ೪, ಆದ್ದರಿಂದ ೬ ಮತ್ತು ೨. ಬೇಕಾದ ಮೊತ್ತ ಧನವಾದ್ದರಿಂದ ದೊಡ್ಡದಕ್ಕೆ ಧನಚಿಹ್ನೆ, ಚಿಕ್ಕದಕ್ಕೆ ಋಣಚಿಹ್ನೆ: ೬ ಮತ್ತು −೨. ಉತ್ತರ (ಎಕ್ಸ್ + ೬)(ಎಕ್ಸ್ − ೨). ನಡುವಿನ ಪದ −೪ ಎಕ್ಸ್ ಆಗಿದ್ದರೆ ಚಿಹ್ನೆಗಳು ಅದಲುಬದಲಾಗಿ −೬ ಮತ್ತು ೨ ಬರುತ್ತಿದ್ದವು. ವ್ಯತ್ಯಾಸ ೫ ಬೇಕೆಂದಿದ್ದರೆ? ಪಟ್ಟಿಯಲ್ಲಿ ೫ ಇಲ್ಲ; ಆದ್ದರಿಂದ ಪೂರ್ಣಾಂಕಗಳಲ್ಲಿ ಅದು ಬಿಡಿಸಲಾಗದ್ದು. ಪಟ್ಟಿಯನ್ನು ಮೊದಲೇ ಬರೆದುಕೊಂಡ ಹುಡುಗನಿಗೆ ‘ಇಲ್ಲ’ ಎಂಬ ಉತ್ತರವನ್ನೂ ಧೈರ್ಯವಾಗಿ ಹೇಳಲು ಬರುತ್ತದೆ.

ಇದಕ್ಕೆ ತಂದೆತಾಯಿಗಳಿಗೆ ಬೇಕಾಗುವ ವಿದ್ಯೆ ಮಗ್ಗಿಯಷ್ಟೇ. ಸಂಜೆ ಹತ್ತು ನಿಮಿಷ ಬಿಡುವು ಮಾಡಿಕೊಂಡು, ಕನ್ನಡದಲ್ಲಿಯೇ ಪ್ರಶ್ನೆ ಕೇಳಿರಿ. ಮಗು ಗುಜರಾತಿಯಲ್ಲಿ ಉತ್ತರ ಕೊಟ್ಟರೂ ಗದರಿಸದೆ, ಅದೇ ಉತ್ತರವನ್ನು ಕನ್ನಡದಲ್ಲಿ ಒಮ್ಮೆ ಹೇಳಿಸಿರಿ. ಮೂರು ಲೆಕ್ಕಗಳನ್ನು ಇಲ್ಲಿ ಕೊಟ್ಟಿದ್ದೇವೆ.

೧. −೧೮ಕ್ಕೆ ಎಷ್ಟು ಜೋಡಿಗಳು? ೨. ಅವುಗಳಲ್ಲಿ ಕೂಡಿಸಿದರೆ −೩ ಬರುವ ಜೋಡಿ ಯಾವುದು? ೩. −೨೫ರ ಯಾವ ಜೋಡಿಯ ಮೊತ್ತ ಸೊನ್ನೆ?

ಉತ್ತರಗಳು: ೧. ಆರು. ೨. −೬ ಮತ್ತು ೩. ೩. ೫ ಮತ್ತು −೫. ಮಕ್ಕಳು ಲೆಕ್ಕ ಮಾಡುವವರೆಗೆ ಈ ಸಾಲನ್ನು ಹಿರಿಯರು ಬೆರಳಿನಿಂದ ಮುಚ್ಚಿಕೊಂಡಿರತಕ್ಕದ್ದು.