ಸಜ್ಜೆ ಹೊಲದ ಬನ್ನಿ
ದಸರೆಯಲ್ಲಿ ಎಲೆ ಹಂಚಿ ನಾವು ವರ್ಷವಿಡೀ ಮರೆತುಬಿಡುವ ಬನ್ನಿಮರವೇ ರಾಜಸ್ಥಾನದ ಖೇಜ್ರಿ. ಅಲ್ಲಿನ ಮಾರವಾಡದಲ್ಲಿ ಅದು ಬದುವಿಗೆ ಸರಿದು ನಿಲ್ಲುವುದಿಲ್ಲ, ಸಜ್ಜೆಯ ನಟ್ಟನಡುವೆಯೇ ಬೆಳೆಯುತ್ತದೆ. ಮರದಡಿ ಪೈರು ಏಳದು ಎಂಬ ನಮ್ಮ ರೈತರ ಲೆಕ್ಕ ಅಲ್ಲಿ ನಡೆಯದು. ಸಣ್ಣೆಲೆಯ ವಿರಳ ಕೊಡೆ ಬಿಸಿಲನ್ನು ಪೂರ್ತಿ ತಡೆಯುವುದಿಲ್ಲ. ತಾಯಿಬೇರು ಸಜ್ಜೆಯ ಬೇರು ಮುಟ್ಟಲಾರದ ಆಳಕ್ಕಿಳಿದು ನೀರು ಹುಡುಕುತ್ತದೆ. ಉದುರಿದ ಎಲೆ ಬರೀ ಮರಳಿಗೆ ಗೊಬ್ಬರವಾಗುತ್ತದೆ. ಮಳೆ ಕೈಕೊಟ್ಟು ಸಜ್ಜೆ ಒಣಗಿದ ವರ್ಷವೂ ಮರ ಬರಿಗೈ ಮಾಡದು: ಚಳಿಗಾಲದಲ್ಲಿ ಸವರಿದ ‘ಲೂಂಗ್’ ಸೊಪ್ಪು ಆಡು, ಒಂಟೆಗಳಿಗೆ ಮೇವು, ಎಳೆಗಾಯಿ ‘ಸಾಂಗ್ರಿ’ ಮನೆಯವರಿಗೆ ಪಲ್ಯ. (ಬರಗಾಲದ ಆ ಪಲ್ಯಕ್ಕೆ ಈಗ ದೊಡ್ಡ ಹೋಟೆಲುಗಳಲ್ಲಿ ರಾಜಮರ್ಯಾದೆ!) 1730ರಲ್ಲಿ ಜೋಧಪುರದ ಬಳಿಯ ಖೇಜಡ್ಲಿಯಲ್ಲಿ ಈ ಮರಗಳನ್ನು ಕಡಿಯದಂತೆ ತಬ್ಬಿ ಬಿಷ್ಣೋಯಿ ಸಮುದಾಯದ 363 ಮಂದಿ ಜೀವ ಕೊಟ್ಟರೆಂಬ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಇಂದು ಖೇಜ್ರಿಗೆ ಕೊಡಲಿಯಷ್ಟೇ ಶತ್ರುವಲ್ಲ. ಟ್ರ್ಯಾಕ್ಟರ್ ಇನ್ನೂ ಸದ್ದಿಲ್ಲದ ಶತ್ರು ಎನ್ನಬೇಕು, ಅದೆಷ್ಟೇ ಗದ್ದಲ ಮಾಡಿದರೂ. ಒಂಟೆ ಕಟ್ಟಿದ ನೇಗಿಲು ತಾನಾಗಿ ಹುಟ್ಟಿದ ಸಸಿಯನ್ನು ಬಳಸಿಕೊಂಡು ಹೋಗುತ್ತಿತ್ತು, ಟ್ರ್ಯಾಕ್ಟರಿನ ಡಿಸ್ಕ್ ನೇಗಿಲು ಕಳೆಯ ಜೊತೆಗೇ ಅದನ್ನೂ ಕತ್ತರಿಸುತ್ತದೆ. ಹೀಗಾಗಿ ಎಷ್ಟೋ ಹೊಲಗಳಲ್ಲಿ ಮುದಿ ಮರಗಳಿವೆ, ಮರಿಗಳಿಲ್ಲ.